ಅಂಚೆ ಚೀಲ ಹೊತ್ತ ಆಟಗಾರನ ಊರಿನಲ್ಲಿ

ಗುರುವಾರ, ಹೈಬರಿ

ಲಂಡನ್ನಿನ ಆರ್ಸೆನಲ್ ಟ್ಯೂಬ್ ಸ್ಟೇಷನ್ನಿನ ಗೋಡೆಯ ಮೇಲೆ ಇವತ್ತಿಗೂ ‘ಗಿಲೆಸ್ಪಿ ರೋಡ್’ ಎಂದೇ ಬರೆದಿದೆ. 1932ರಲ್ಲಿ ಸ್ಟೇಷನ್ನಿಗೆ ಫುಟ್ಬಾಲ್ ಕ್ಲಬ್ಬಿನ ಹೆಸರಿಟ್ಟರು, ಹಳೇ ಟೈಲ್ಸ್ ಕೀಳುವ ಗೋಜಿಗೆ ಹೋಗಲಿಲ್ಲ. ಅಲ್ಲಿಂದ ಮೇಲಕ್ಕೆ ಬರುವ ದಾರಿ ಉದ್ದ, ಇಕ್ಕಟ್ಟು, ಏರು. ಹೊರಗೆ ಬಂದರೆ ಏಪ್ರಿಲ್ ಕೊನೆಯ ಜಡಿಮಳೆ. ಕೊಡೆ ಬಿಚ್ಚಿದರೆ ಗಾಳಿಗೆ ಮಗುಚುತ್ತದೆ, ಮಡಚಿದರೆ ನೆನೆಯುತ್ತೇವೆ. ಇಂಗ್ಲೆಂಡಿಗೆ ಬರುವವರು ಕೊಡೆಗಿಂತ ಟೋಪಿ ಇರುವ ಜಾಕೆಟ್ ತರುವುದೇ ವಾಸಿ.

ಎರಡು ನಿಮಿಷ ನಡೆದರೆ ಆವೆನೆಲ್ ರೋಡ್. ಎರಡೂ ಕಡೆ ಒತ್ತಿಕೊಂಡು ನಿಂತ ಮನೆಗಳ ನಡುವೆ ಇದ್ದಕ್ಕಿದ್ದಂತೆ ಆರ್ಸೆನಲ್ಲಿನ ಹಳೇ ಮೈದಾನ ಹೈಬರಿಯ ಈಸ್ಟ್ ಸ್ಟ್ಯಾಂಡ್ ಎದ್ದು ನಿಲ್ಲುತ್ತದೆ. ಬಿಳಿ ಗೋಡೆ, ಕೆಂಪು ಅಕ್ಷರ. 2006ರಲ್ಲಿ ಇಲ್ಲಿ ಕೊನೆಯ ಪಂದ್ಯ ಆಡಿ ಆರ್ಸೆನಲ್ ಹತ್ತಿರದ ಹೊಸ ಸ್ಟೇಡಿಯಂಗೆ ಹೋಯಿತು. ಇದೆಲ್ಲ ಈಗ ಅಪಾರ್ಟ್‌ಮೆಂಟು. ಆಟದ ಅಂಗಳ ಇದ್ದ ಜಾಗದಲ್ಲಿ ನಿವಾಸಿಗಳ ತೋಟ.

ನಾನು ಗೇಟಿನ ಸಂದಿಯಲ್ಲಿ ಇಣುಕುತ್ತಿದ್ದಾಗ ಪಾರ್ಸೆಲ್ ತಂದ ಹುಡುಗನೊಬ್ಬ ಹಿಂದೆ ಬಂದು ನಿಂತ. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವನು, ಹಿಂದಿ ಬರುತ್ತಿತ್ತು. ‘ಯಾವ ಫ್ಲಾಟು ಭಾಯ್?’ ಎಂದ. ಫ್ಲಾಟಲ್ಲ, ಗ್ರೌಂಡ್ ನೋಡೋಕೆ ಬಂದೆ ಎಂದೆ. ‘ಗ್ರೌಂಡ್ ಆ ಕಡೆ’ ಎಂದು ಹೊಸ ಸ್ಟೇಡಿಯಂ ಕಡೆ ಕೈ ತೋರಿಸಿದ. ಹಳೇದನ್ನೇ ನೋಡಬೇಕು ಎಂದಾಗ ನಕ್ಕ. ‘ಹಾಗಾದ್ರೆ ನಾನೇ ಲಕ್ಕಿ. ದಿನಾ ಸೆಂಟರ್ ಸರ್ಕಲ್ ದಾಟಿಕೊಂಡು ಪಾರ್ಸೆಲ್ ಕೊಡ್ತೀನಿ.’

ನಾನು ಹುಡುಕಿಕೊಂಡು ಹೋದದ್ದು ಇಂಗ್ಲೆಂಡಿಗೆ ಫುಟ್ಬಾಲೂ ಕ್ರಿಕೆಟ್ಟೂ ಎರಡೂ ಆಡಿದ ಆರ್ಥರ್ ಮಿಲ್ಟನ್ ಎಂಬ ಆಟಗಾರನ ಜಾಡನ್ನು. ಈ ಅಂಗಳದಲ್ಲಿ ಬಲಬದಿಯ ವಿಂಗರ್ ಆಗಿ ಓಡಿದವನು. ಹುಟ್ಟಿದ್ದು 1928ರಲ್ಲಿ, ಬ್ರಿಸ್ಟಲ್‌ನಲ್ಲಿ. ಸ್ಕೂಲು ಮುಗಿಯುವ ಹೊತ್ತಿಗೆ ಆರ್ಸೆನಲ್ ಕರೆಯಿತು, 1946ರಲ್ಲಿ ವೃತ್ತಿಪರ ಆಟಗಾರನಾದ. ನಡುವೆ ಕಡ್ಡಾಯ ಸೇನಾ ಸೇವೆ. ಮೊದಲ ತಂಡಕ್ಕೆ ಬಂದದ್ದು 1951ರ ಮಾರ್ಚಿನಲ್ಲಿ. ಅದೇ ವರ್ಷ ನವೆಂಬರ್ 28ಕ್ಕೆ ವೆಂಬ್ಲಿಯಲ್ಲಿ ಆಸ್ಟ್ರಿಯಾ ವಿರುದ್ಧ ಇಂಗ್ಲೆಂಡ್ ಪರ ಆಡಿದ. ಗಾಯಗೊಂಡಿದ್ದ ಟಾಮ್ ಫಿನ್ನಿಯ ಜಾಗ ಸಿಕ್ಕಿತ್ತು. ಪಂದ್ಯ 2-2 ಡ್ರಾ. ಇಂಗ್ಲೆಂಡ್ ಅಂಗಿ ಹಾಕಿ ಆತ ಆಡಿದ ಫುಟ್ಬಾಲ್ ಅಷ್ಟೇ, ಮತ್ತೆ ಕರೆ ಬರಲಿಲ್ಲ.

ಆದರೆ 1952-53ರಲ್ಲಿ ಆರ್ಸೆನಲ್ ಲೀಗ್ ಗೆದ್ದಾಗ ತಂಡದಲ್ಲಿದ್ದ. ಆ ಗೆಲುವಿನ ಲೆಕ್ಕ ಕೇಳಿ. ಆರ್ಸೆನಲ್ಲಿಗೂ ಪ್ರೆಸ್ಟನ್ ಕ್ಲಬ್ಬಿಗೂ ತಲಾ 54 ಅಂಕ. ಆ ಕಾಲದಲ್ಲಿ ಅಂಕ ಸಮವಾದರೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿ ನೋಡುತ್ತಿದ್ದರು. ಒಂದು ಗೋಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಅಂತರದಲ್ಲಿ ಟ್ರೋಫಿ ಹೈಬರಿಗೆ ಬಂತು.

ಬೇಸಿಗೆ ಬಂದರೆ ಇದೇ ಮನುಷ್ಯ ಬ್ಯಾಟು ಹಿಡಿದು ಬ್ರಿಸ್ಟಲ್ ಕಡೆಯ ಕೌಂಟಿ ಕ್ರಿಕೆಟ್ ತಂಡ ಗ್ಲಾಸ್ಟರ್‌ಶೈರ್‌ಗೆ ಆಡುತ್ತಿದ್ದ. ಅದು ಶೋಕಿಗೆ ಆಡಿದ್ದಲ್ಲ, ಅಲ್ಲೂ ಸಂಬಳ ಇತ್ತು. ಆಗ ಫುಟ್ಬಾಲಿಗನ ಸಂಬಳಕ್ಕೆ ಮಿತಿ ಹಾಕಿದ್ದರು. 1951ರಲ್ಲಿ ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ ಹೆಚ್ಚೆಂದರೆ 14 ಪೌಂಡ್, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಚಳಿಗಾಲ ಬೂಟು, ಬೇಸಿಗೆ ಪ್ಯಾಡು. ಆರ್ಸೆನಲ್‌ನಲ್ಲೇ ಡೆನಿಸ್ ಮತ್ತು ಲೆಸ್ಲಿ ಕಾಂಪ್ಟನ್ ಅಣ್ಣತಮ್ಮಂದಿರು ಮಿಡ್ಲ್‌ಸೆಕ್ಸ್‌ಗೆ ಕ್ರಿಕೆಟ್ ಆಡುತ್ತಿದ್ದರು. ಆ ಮಿತಿ ತೆಗೆದದ್ದು 1961ರಲ್ಲಿ. ಆಮೇಲೆ ಫುಟ್ಬಾಲಿಗರಿಗೆ ಬೇಸಿಗೆಯಲ್ಲಿ ಇನ್ನೊಂದು ಕೆಲಸ ಹುಡುಕುವ ಅಗತ್ಯ ಕಡಿಮೆಯಾಗುತ್ತ ಬಂತು.

ಸಂಜೆ ಪ್ಯಾಡಿಂಗ್ಟನ್‌ನಿಂದ ರೈಲು. ಒಂದೂವರೆ ಗಂಟೆಯೊಳಗೆ ಬ್ರಿಸ್ಟಲ್ ಪಾರ್ಕ್‌ವೇ. ಭಾವ ಕಾರು ತಂದಿದ್ದರು. ವಿಮಾನದ ರೆಕ್ಕೆ ತಯಾರಾಗುವ ಫಿಲ್ಟನ್ ಅವರ ಮನೆಗೆ ಹತ್ತಿರ. ಅಕ್ಕ ಮಾಡಿದ್ದ ಹುರುಳಿಕಾಳಿನ ಸಾರು ಬಿಸಿಬಿಸಿ ಕುಡಿದ ಮೇಲೆ ಲಂಡನ್ನಿನ ಚಳಿ ಬಿಟ್ಟಿತು.

ಶುಕ್ರವಾರ, ನೆವಿಲ್ ರೋಡ್

ಫಿಲ್ಟನ್ ಅಬಿ ವುಡ್ ಸ್ಟೇಷನ್ನಿಂದ ಮುಂದಿನ ನಿಲ್ದಾಣವೇ ಆಶ್ಲಿ ಡೌನ್. ದಶಕಗಳ ಕಾಲ ಮುಚ್ಚಿದ್ದ ಈ ಸ್ಟೇಷನ್ನು 2024ರಲ್ಲಿ ಮತ್ತೆ ತೆರೆಯಿತು. ಅಲ್ಲಿಂದ ಗ್ಲಾಸ್ಟರ್‌ಶೈರ್ ತಂಡದ ಕೌಂಟಿ ಗ್ರೌಂಡಿಗೆ ನಡೆದೇ ಹೋಗಬಹುದು. ರೈಲು ಗಂಟೆಗೊಂದೇ ಇರುವುದರಿಂದ ವಾಪಸ್ ಬರುವ ಹೊತ್ತು ಮೊದಲೇ ನೋಡಿಕೊಂಡರೆ ಒಳ್ಳೇದು.

ಗ್ರೌಂಡಿನ ಒಂದು ಪಕ್ಕಕ್ಕೆ ಬೂದು ಕಲ್ಲಿನ ಭಾರಿ ಕಟ್ಟಡಗಳು. ಸಾಲು ಸಾಲು ಕಿಟಕಿ. ಜಾರ್ಜ್ ಮುಲ್ಲರ್ ಎಂಬ ಪಾದ್ರಿ 19ನೇ ಶತಮಾನದಲ್ಲಿ ಕಟ್ಟಿಸಿದ ಅನಾಥಾಲಯ ಇದು. ಐದು ಮನೆಗಳು, ಎರಡು ಸಾವಿರ ಮಕ್ಕಳಿಗೆ ಜಾಗ. ಮಕ್ಕಳು ಹೋಗಿ ಎಷ್ಟೋ ಕಾಲವಾಯಿತು, ಆ ಕಿಟಕಿಗಳು ಮಾತ್ರ ಮ್ಯಾಚು ನೋಡುತ್ತಲೇ ಇವೆ. ಗೇಟಿಗೆ ಈ ಕೌಂಟಿಯ ಹಳೇ ಕ್ರಿಕೆಟ್ ದಿಗ್ಗಜ ಡಬ್ಲ್ಯು. ಜಿ. ಗ್ರೇಸ್ ಹೆಸರು.

ಕೌಂಟಿ ಚಾಂಪಿಯನ್‌ಶಿಪ್ ಪಂದ್ಯ, ಮೊದಲ ದಿನ. ಟೆಸ್ಟ್ ಟಿಕೆಟಿಗೆ ಹೋಲಿಸಿದರೆ ಇದರ ಟಿಕೆಟ್ ಬಹಳ ಅಗ್ಗ, ಎಲ್ಲಿ ಬೇಕಾದರೂ ಕೂರಬಹುದು. ಜನ ಇದ್ದದ್ದೂ ಅಷ್ಟಕ್ಕಷ್ಟೆ. ಹೆಚ್ಚಿನವರು ನಿವೃತ್ತರು. ಮೊಣಕಾಲ ಮೇಲೆ ಕಂಬಳಿ, ಪಕ್ಕದಲ್ಲಿ ಫ್ಲಾಸ್ಕು. ಸೌಂಡು ಅಂದರೆ ಬ್ಯಾಟಿನದು, ಅಂಪೈರಿನದು, ಒಮ್ಮೊಮ್ಮೆ ಯಾರದೋ ಕೆಮ್ಮು. ಚಿನ್ನಸ್ವಾಮಿಯಲ್ಲಿ ಐಪಿಎಲ್ ನೋಡಿ ಬಂದವರಿಗೆ ಇದೂ ಕ್ರಿಕೆಟ್ಟೇ ಅಂತ ನಂಬಲು ಸ್ವಲ್ಪ ಹೊತ್ತು ಬೇಕು.

ಭಾವನಿಗೆ ಈ ಗ್ರೌಂಡು ಅಂದರೆ 1999ರ ವಿಶ್ವಕಪ್. ‘ನೋಡಪ್ಪ, ಅಪ್ಪ ತೀರಿಕೊಂಡು ಸಂಸ್ಕಾರ ಮುಗಿಸಿ ಬಂದ ಸಚಿನ್ ಹೊಡೆದಿದ್ದು ಇಲ್ಲೇ. ಕೀನ್ಯಾ ಮೇಲೆ 140 ನಾಟೌಟ್. ಆ ಕಡೆ ನಮ್ಮ ದ್ರಾವಿಡ್ 104 ನಾಟೌಟ್.’ ಇನ್ನೂ ಒಂದು ನಂಟಿದೆ. 1995ರಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ ಒಂದು ಸೀಸನ್ ಆಡಿ 87 ವಿಕೆಟ್ ಕಿತ್ತರು.

ಹನ್ನೆರಡರ ಹೊತ್ತಿಗೆ ಮಳೆ ಹನಿದು ಆಟ ನಿಂತಿತು. ಎಲ್ಲರೂ ಸೂರಿನ ಕೆಳಗೆ ಸೇರಿದೆವು. ನಮ್ಮ ಪಕ್ಕದ ಅಜ್ಜ ಸ್ಕೋರ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಗಿನಿಂದ ಒಂದೊಂದು ಬಾಲೂ ಬರೆದಿದ್ದರು, ಒಬ್ಬೊಬ್ಬ ಬೌಲರಿಗೆ ಒಂದೊಂದು ಬಣ್ಣದ ಪೆನ್ನು. ಹಾಳೆ ಹಾರದಂತೆ ಎರಡು ಮೂಲೆಗೂ ಬಟ್ಟೆ ಒಣಹಾಕುವ ಕ್ಲಿಪ್ಪು. ಒಂದು ಕ್ಲಿಪ್ಪಿನ ಸ್ಪ್ರಿಂಗ್ ಹೋಗಿತ್ತು, ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಹಸಿರು ಪೆನ್ನು ಬರೆಯುವುದನ್ನು ನಿಲ್ಲಿಸಿದಾಗ ಬಾಯಿಯಿಂದ ಊದಿ, ಅಂಗೈ ಮೇಲೆ ಗೀಚಿ, ಸರಿಹೋದ ಮೇಲೆ ಬಿಟ್ಟುಹೋಗಿದ್ದ ಚುಕ್ಕೆ ತುಂಬಿದರು.

ಅಕ್ಕ ಕಟ್ಟಿಕೊಟ್ಟ ಡಬ್ಬಿ ತೆಗೆದು ಅವರಿಗೂ ಕೋಡುಬಳೆ ಕೊಟ್ಟೆ. ಅನುಮಾನದಿಂದ ಒಂದು ಕಚ್ಚಿದರು, ಆಮೇಲೆ ಕೇಳದೆ ಎರಡನೇದು ತಗೊಂಡರು. ಬದಲಿಗೆ ನಿಂಬೆಹಣ್ಣಿನ ಕೇಕ್ ಬಂತು. ಮಿಲ್ಟನ್ ಹೆಸರು ಎತ್ತಿದ್ದೇ ಪುಸ್ತಕ ಮುಚ್ಚಿದರು. ‘ಕ್ಯಾಚು’ ಎಂದರು ಮೊದಲು. ರನ್ ಅಲ್ಲ, ಗೋಲಲ್ಲ, ಕ್ಯಾಚು.

ಅದು ಸರಿಯೇ. 1948ರಿಂದ 1974ರವರೆಗೆ 620 ಪ್ರಥಮ ದರ್ಜೆ ಪಂದ್ಯ, 32,150 ರನ್, 56 ಶತಕ. ಜೊತೆಗೆ ಬ್ಯಾಟ್ಸ್‌ಮನ್ನಿನ ಮೂಗಿನಡಿ ನಿಂತು ಹಿಡಿದ 750ಕ್ಕೂ ಹೆಚ್ಚು ಕ್ಯಾಚು. ಹೆಲ್ಮೆಟ್ ಇಲ್ಲದ ಕಾಲ ಅದು.

ಟೆಸ್ಟಿಗೆ ಕರೆ ಬಂದದ್ದು ತಡವಾಗಿ, 30ನೇ ವಯಸ್ಸಿಗೆ. 1958, ಹೆಡಿಂಗ್ಲಿ, ನ್ಯೂಜಿಲೆಂಡ್ ವಿರುದ್ಧ. ಮೊದಲೆರಡು ದಿನ ಮಳೆಗೆ ಹೋಯಿತು. ಆಮೇಲೆ ನ್ಯೂಜಿಲೆಂಡ್ 67ಕ್ಕೆ ಆಲೌಟ್. ಇಂಗ್ಲೆಂಡ್ 2 ವಿಕೆಟಿಗೆ 267 ಹೊಡೆದು ಡಿಕ್ಲೇರ್ ಮಾಡಿತು. ಮಿಲ್ಟನ್ 104 ನಾಟೌಟ್. ಗ್ಲಾಸ್ಟರ್‌ಶೈರ್ ಆಟಗಾರನೊಬ್ಬ ಇಂಗ್ಲೆಂಡ್ ಪರ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದದ್ದು ಗ್ರೇಸ್ ನಂತರ ಆಗಲೇ. ಗ್ರೇಸ್ ಹೊಡೆದದ್ದು 1880ರಲ್ಲಿ! ಔಟಾಗದೆ ಉಳಿದದ್ದರಿಂದ ಆಟ ನಡೆದಷ್ಟು ಹೊತ್ತೂ ಮಿಲ್ಟನ್ ಮೈದಾನದಲ್ಲೇ ಇದ್ದ. ಆವತ್ತು ಅವನ ಜೊತೆ ಇನಿಂಗ್ಸ್ ಆರಂಭಿಸಿದ ಎಂ. ಜೆ. ಕೆ. ಸ್ಮಿತ್ ಕೂಡ ಎರಡು ಆಟದವನೇ. ಸ್ಮಿತ್‌ನ ಇನ್ನೊಂದು ಆಟ ರಗ್ಬಿ.

ಮಿಲ್ಟನ್ ಆಡಿದ್ದು ಒಟ್ಟು ಆರು ಟೆಸ್ಟು. ಕೊನೆಯ ಎರಡು 1959ರಲ್ಲಿ ಭಾರತದ ವಿರುದ್ಧ. ರನ್ ಬರಲಿಲ್ಲ, ಅಲ್ಲಿಗೆ ಟೆಸ್ಟು ಮುಗಿಯಿತು. ಆ ಬೇಸಿಗೆ ಇಂಗ್ಲೆಂಡಿಗೆ ಹೋದ ನಮ್ಮ ತಂಡದಲ್ಲಿ ಮೈಸೂರು ರಾಜ್ಯದ ಆಫ್ ಸ್ಪಿನ್ನರ್ ವಿ. ಎಂ. ಮುದ್ದಯ್ಯ ಇದ್ದರು. ಅವರಿಗೆ ಟೆಸ್ಟ್ ಕ್ಯಾಪ್ ಸಿಕ್ಕಿದ್ದು ಊರಿಗೆ ಬಂದ ಮೇಲೆ.

‘ಈಗ ಎರಡೂ ಆಟ ಆಡೋಕೆ ಯಾಕೆ ಆಗಲ್ಲ ಹೇಳಿ’ ಎಂದು ಅಜ್ಜನೇ ಕೇಳಿ ಅಜ್ಜನೇ ಉತ್ತರ ಕೊಟ್ಟರು. ‘ಇವತ್ತು ಇಲ್ಲಿ ಕೂತಿದೀನಿ. ನಾಳೆ ಆಷ್ಟನ್ ಗೇಟಿಗೆ ಫುಟ್ಬಾಲಿಗೆ ಹೋಗ್ತೀನಿ. ನೋಡೋನು ಎರಡಕ್ಕೂ ಹೋಗಬಹುದು. ಆಡೋನು?’ ಕ್ರಿಕೆಟ್ ಸೀಸನ್ ಏಪ್ರಿಲ್ ಮೊದಲಿಗೇ ಶುರು, ಸೆಪ್ಟೆಂಬರ್ ಕೊನೆಗೆ ಮುಗಿತಾಯ. ಫುಟ್ಬಾಲ್ ಆಗಸ್ಟಿನಿಂದ ಮೇವರೆಗೆ. ಎರಡರ ನಡುವೆ ಉಸಿರಾಡಲು ಜಾಗವಿಲ್ಲ.

ಕೊನೆಕೊನೆಗೆ ಎರಡನ್ನೂ ಹೇಗೋ ಹೊಂದಿಸಿದವನು ಕ್ರಿಸ್ ಬಾಲ್ಡರ್‌ಸ್ಟನ್. 1975ರ ಸೆಪ್ಟೆಂಬರ್ 15ರಂದು ಚೆಸ್ಟರ್‌ಫೀಲ್ಡಿನಲ್ಲಿ ಲೆಸ್ಟರ್‌ಶೈರ್‌ಗೆ ಆಡುತ್ತ ದಿನದಾಟದ ಕೊನೆಗೆ 51 ನಾಟೌಟ್. ಅಲ್ಲಿಂದ ಕಾರು ಹತ್ತಿ ಡಾಂಕಾಸ್ಟರ್‌ಗೆ ಹೋಗಿ ಸಂಜೆ ಡಾಂಕಾಸ್ಟರ್ ರೋವರ್ಸ್ ಪರ ಬ್ರೆಂಟ್‌ಫರ್ಡ್ ವಿರುದ್ಧ ಲೀಗ್ ಫುಟ್ಬಾಲ್. ಮರುದಿನ ವಾಪಸ್ ಬಂದು ಶತಕ ಮುಗಿಸಿ ವಿಕೆಟ್ಟೂ ತೆಗೆದ. ಲೆಸ್ಟರ್‌ಶೈರ್ ಮೊದಲ ಸಲ ಚಾಂಪಿಯನ್ ಆಯಿತು. ಇದನ್ನು ಹೇಳುವಾಗ ಅಜ್ಜನ ಕೈ ಕಾರಿನ ಸ್ಟೇರಿಂಗ್ ತಿರುಗಿಸುತ್ತಿತ್ತು. ನಮ್ಮ ಚುನಿ ಗೋಸ್ವಾಮಿ ಗೊತ್ತೇ ಎಂದು ಕೇಳಿದೆ, ಗೊತ್ತಿರಲಿಲ್ಲ. 1962ರ ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ಗೆದ್ದ ನಾಯಕ, ಮುಂದೆ ಬಂಗಾಳವನ್ನು ರಣಜಿ ಫೈನಲ್ಲಿಗೆ ಒಯ್ದ ನಾಯಕನೂ ಅವನೇ ಎಂದೆ. ಹೆಸರು ಬರೆದುಕೊಡಿ ಎಂದು ಸ್ಕೋರ್ ಪುಸ್ತಕದ ಅಂಚು ತೋರಿಸಿದರು. ಹಸಿರು ಪೆನ್ನಲ್ಲೇ ಬರೆದೆ.

ಶನಿವಾರ, ಬೆಡ್ಮಿನ್‌ಸ್ಟರ್

ಮಿಲ್ಟನ್ ಹುಟ್ಟಿದ್ದು ಏವನ್ ನದಿಯ ದಕ್ಷಿಣಕ್ಕಿರುವ ಬೆಡ್ಮಿನ್‌ಸ್ಟರ್‌ನಲ್ಲಿ. ದುಡಿಯುವ ಜನರ ಪೇಟೆ. ಇಲ್ಲಿನವರಿಗೆ ಬಹಳ ಕಾಲ ಕೆಲಸ ಕೊಟ್ಟದ್ದು ವಿಲ್ಸ್ ಸಿಗರೇಟು ಕಂಪನಿ. ಹೌದು, ನಮ್ಮ ಗೂಡಂಗಡಿಗಳಲ್ಲಿ ಸಿಗುವ ಅದೇ ವಿಲ್ಸ್. 1901ರಲ್ಲಿ ಈ ಕಂಪನಿ ಇನ್ನು ಕೆಲವರ ಜೊತೆ ಸೇರಿ ಇಂಪೀರಿಯಲ್ ಟೊಬ್ಯಾಕೊ ಆಯಿತು. 1910ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಮುಂದೆ ಐಟಿಸಿ ಆಯಿತು. ತೊಂಬತ್ತರ ದಶಕದಲ್ಲಿ ಅಜರುದ್ದೀನ್ ತಂಡದ ಅಂಗಿಯ ಮೇಲೆ ಇದ್ದದ್ದು ಬೆಡ್ಮಿನ್‌ಸ್ಟರ್‌ನ ಈ ಮನೆತನದ ಹೆಸರು.

ನಾರ್ತ್ ಸ್ಟ್ರೀಟಿನಲ್ಲಿ ಒಂದು ಕೆಂಪು ಇಟ್ಟಿಗೆ ಕಾರ್ಖಾನೆ ಉಳಿದಿದೆ. ಕೆಡವಲು ಹೊರಟಿದ್ದನ್ನು ಜಾರ್ಜ್ ಫರ್ಗುಸನ್ ಎಂಬ ವಾಸ್ತುಶಿಲ್ಪಿ ಕೊಂಡು ಉಳಿಸಿದರು, ಆಮೇಲೆ ಅವರು ಬ್ರಿಸ್ಟಲ್‌ನ ಮೇಯರೂ ಆದರು. ಈಗ ಅದರಲ್ಲಿ ನಾಟಕಮಂದಿರ, ಕೆಳಗೆ ಕೆಫೆ. ಬೀದಿಯ ಗೋಡೆಗಳ ತುಂಬ ದೊಡ್ಡ ದೊಡ್ಡ ಚಿತ್ರ. ಅದೇ ಬೀದಿಯಲ್ಲಿ ಕ್ಲಾರ್ಕ್ಸ್ ಪೈ ಅಂಗಡಿ. ಮ್ಯಾಚಿನ ದಿನ ಅಲ್ಲಿ ಕ್ಯೂ ಇರುತ್ತದೆ. ಭಾವ ಒಂದು ಮಾಂಸದ ಪೈ ತಗೊಂಡು ನಿಂತಲ್ಲೇ ಕಚ್ಚಿದರು. ಒಳಗಿನ ಬಿಸಿ ಗ್ರೇವಿ ಮುಂಗೈಗೆ ಇಳಿದು ಸ್ವೆಟರಿನ ತೋಳು ಹೊಕ್ಕಿತು. ಪೈಯನ್ನು ಬಾಗಿ, ಮೈಯಿಂದ ದೂರ ಹಿಡಿದು ತಿನ್ನಬೇಕಂತೆ. ಅಂಗಡಿಯ ಹೆಂಗಸು ಹೇಳಿದ್ದು ಗ್ರೇವಿ ಸುರಿದ ಮೇಲೆ.

ಬ್ರಿಸ್ಟಲ್ ಸಿಟಿ ಫುಟ್ಬಾಲ್ ಕ್ಲಬ್ಬಿನ ಮೈದಾನ ಆಷ್ಟನ್ ಗೇಟ್ ಅಲ್ಲಿಂದ ನಡೆಯುವಷ್ಟು ದೂರ. ಎಲ್ಲೆಲ್ಲೂ ಕೆಂಪು ಸ್ಕಾರ್ಫು. 1955ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಸಿಟಿ 4,000 ಪೌಂಡ್ ಕೊಟ್ಟು ಆರ್ಸೆನಲ್‌ನಿಂದ ಮಿಲ್ಟನ್‌ನನ್ನು ಊರಿಗೆ ಕರೆಸಿತು. ಆಡಿದ್ದು 14 ಪಂದ್ಯ. ಕ್ಲಬ್ಬು ಮೂರನೇ ಡಿವಿಷನ್ನಿನ ದಕ್ಷಿಣ ವಿಭಾಗ ಗೆದ್ದಿತು. ಸೀಸನ್ ಮುಗಿದದ್ದೇ ಫುಟ್ಬಾಲ್ ಬಿಟ್ಟ. 27 ವಯಸ್ಸು! ಕಾಲು ಮುರಿದಿರಲಿಲ್ಲ, ಯಾರೂ ಹೊರಗೆ ಹಾಕಿರಲಿಲ್ಲ. ಸಾಕು ಅನ್ನಿಸಿತು, ಕ್ರಿಕೆಟ್ ಇತ್ತು, ಬಿಟ್ಟ. ನನಗೆ ಅವನ ಶತಕಕ್ಕಿಂತ ಇದು ಜಾಸ್ತಿ ಇಷ್ಟ.

ಪಂದ್ಯದಲ್ಲಿ ನಮ್ಮ ಕಡೆಯ ಗೋಲಿನೆದುರೇ ಸಿಟಿಯ ಫಾರ್ವರ್ಡ್ ಬಿದ್ದ. ರೆಫ್ರಿ ಪೆನಾಲ್ಟಿ ಕೊಡಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಎಂಟು ವರ್ಷದ ಪೋರಿಯಿಂದ ಹಿಡಿದು ಎಲ್ಲರೂ ಎದ್ದು ನಿಂತು ಬೈದರು. ಬ್ರಿಸ್ಟಲ್ ಬೈಗುಳ ಭಾವನಿಗೆ ಇಷ್ಟು ಚೆನ್ನಾಗಿ ಬರುತ್ತದೆ ಅಂತ ಅಕ್ಕನಿಗೆ ಗೊತ್ತಿರಲಿಕ್ಕಿಲ್ಲ. ಕೊನೆಗೆ ಡ್ರಾ. ಅಜ್ಜನನ್ನು ಹುಡುಕಿದೆ, ಅಷ್ಟು ಜನರಲ್ಲಿ ಎಲ್ಲಿ ಸಿಕ್ಕಾರು.

ಭಾನುವಾರ, ಡೌನ್ಸ್

ಬೆಳಗ್ಗೆ ಐದೂವರೆಗೆ ಸೈಕಲ್ ಹತ್ತಿದೆವು. ಭಾವನದು ಬ್ಯಾಟರಿ ಸೈಕಲ್, ನನಗೆ ಕೊಟ್ಟದ್ದು ಅವರ ಮಗನ ಹಳೇದು. ಬ್ರಿಸ್ಟಲ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಳ್ಳುವವರು ಗೇರು, ಬ್ರೇಕು ಎರಡೂ ನೋಡಿ ತಗೊಳ್ಳಿ. ಊರೆಲ್ಲ ಏರು, ಇಲ್ಲವೇ ಇಳಿಜಾರು. ವೆಸ್ಟ್‌ಬರಿ ಏರಿನಲ್ಲಿ ನನ್ನ ಚೈನು ಕಳಚಿತು. ಸರಿಮಾಡುವಷ್ಟರಲ್ಲಿ ಕೈಯೆಲ್ಲ ಗ್ರೀಸು, ಒರೆಸಲು ಹುಲ್ಲಷ್ಟೇ.

ಏರು ಮುಗಿದರೆ ಡೌನ್ಸ್. ಊರ ನೆತ್ತಿಯ ಮೇಲೆ ಕಣ್ಣು ಹರಿಯುವಷ್ಟು ದೂರ ಹುಲ್ಲುಗಾವಲು. ಇದನ್ನು ಸಾರ್ವಜನಿಕರಿಗೆ ಮುಕ್ತವಾಗಿಡಬೇಕೆಂದು 1861ರಲ್ಲೇ ಕಾನೂನು ಮಾಡಿದ್ದಾರೆ. ಶನಿವಾರ ಇಲ್ಲಿ ಒಟ್ಟೊಟ್ಟಿಗೆ ಹಲವು ಅಂಗಳಗಳಲ್ಲಿ ಡೌನ್ಸ್ ಲೀಗ್ ಫುಟ್ಬಾಲ್ ನಡೆಯುತ್ತದೆ, 1905ರಿಂದ. ಒಂದು ಅಂಚಿಗೆ ಹೋದರೆ ಸೀ ವಾಲ್ಸ್. ಕೆಳಗೆ ಕಮರಿ, ತಳದಲ್ಲಿ ಕೆಸರು ಬಣ್ಣದ ಏವನ್, ಎಡಕ್ಕೆ 1864ರಲ್ಲಿ ತೆರೆದ ತೂಗು ಸೇತುವೆ.

ಕ್ರಿಕೆಟ್ ಬಿಟ್ಟ ಮೇಲೆ ಮಿಲ್ಟನ್ ಅಂಚೆಯಣ್ಣನಾದ. ಕೋಚ್ ಆಗಲಿಲ್ಲ, ಕಾಮೆಂಟರಿಗೆ ಹೋಗಲಿಲ್ಲ. ಚೀಲ ಏರಿಸಿ ಬೆಳಗಿನ ಜಾವ ಈ ಡೌನ್ಸ್ ಮೇಲೆ ಸೈಕಲ್ ಹೊಡೆದ. 60 ತುಂಬಿತು, ಅಂಚೆ ಇಲಾಖೆ ನಿವೃತ್ತಿ ಕೊಟ್ಟಿತು. ಮನೆಯಲ್ಲಿ ಕೂರಬಹುದಿತ್ತು. ಹೋಗಿ ಪೇಪರ್ ಹಾಕುವ ಕೆಲಸ ಹಿಡಿದ, ಅದೂ ತಾನು ಕಾಗದ ಹಂಚುತ್ತಿದ್ದ ಕಡೆಯೇ. ವೆಂಬ್ಲಿಯಲ್ಲೂ ಲಾರ್ಡ್ಸ್‌ನಲ್ಲೂ ಇಂಗ್ಲೆಂಡ್ ಪರ ಆಡಿದವನು ಮನೆ ಬಾಗಿಲಿಗೆ ಪೇಪರ್ ಹಾಕುತ್ತಿದ್ದ. ಇದನ್ನು ಓದಿ ‘ಅಯ್ಯೋ ಪಾಪ’ ಅನ್ನುವವರು ಬಹಳ. ನನಗೂ ಹಣದ ಸಂಕಟವಿರಬೇಕು ಅಂತಲೇ ಅನ್ನಿಸಿತ್ತು. ಆದರೆ ಬೆಳಗಿನ ಸೈಕಲ್ ಸವಾರಿ ಬಿಡಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ. ಗಾಳಿ ಬೆನ್ನಿಗೆ ಬಿದ್ದು ಸೈಕಲ್ ತಾನಾಗಿ ಓಡತೊಡಗಿದಾಗ ನನಗೂ ಅರ್ಥವಾಯಿತು. ಗಾಳಿ ಎದುರಿಗೆ ತಿರುಗಿದ ಮೇಲೆ ಭಾವನ ಬ್ಯಾಟರಿ ಮೇಲೆ ಕಣ್ಣು ಬಿತ್ತು.

ನಾಯಿ ಹಿಡಿದು ಬಂದ ಹೆಂಗಸೊಬ್ಬರು ನನ್ನ ಕಪ್ಪು ಕೈ ನೋಡಿ ಜೇಬಿನಿಂದ ಟಿಶ್ಯೂ ಕೊಟ್ಟರು. ಪುಕ್ಕಟೆ ಸಲಹೆಯನ್ನೂ ಕೊಟ್ಟರು: ಕಮರಿಯ ಕಡೆ ಇಳಿಯುವ ಹಳ್ಳದಲ್ಲಿ ಆಡುಗಳಿವೆ, ನೋಡಿಕೊಂಡು ಹೋಗಿ. ಪೊದೆ ಬೆಳೆಯದಿರಲೆಂದು ಬಿಟ್ಟಿದ್ದಾರಂತೆ. ಇಂಗ್ಲೆಂಡಿಗೆ ಬಂದು ಮೇಕೆ ನೋಡಲು ಬೇಲಿ ಹಾರುವುದೇ ಎಂದು ಭಾವ ಗೊಣಗಿದರು. ಹತ್ತು ನಿಮಿಷ ಕಾದೆವು. ಒಂದು ಕೊಂಬು ಕಾಣಿಸಿತು, ಅದೂ ಭಾವನಿಗೆ ಮಾತ್ರ.

ವೈಟ್‌ಲೇಡೀಸ್ ರೋಡ್ ಹಿಡಿದು ಇಳಿದರೆ ವಿಶ್ವವಿದ್ಯಾಲಯದ ಗೋಪುರ. ಹೆಸರು ವಿಲ್ಸ್ ಮೆಮೋರಿಯಲ್ ಬಿಲ್ಡಿಂಗ್, ಕಟ್ಟಿಸಿದ್ದು ಅದೇ ಸಿಗರೇಟು ಮನೆತನ. ಈ ವಿಶ್ವವಿದ್ಯಾಲಯ 2002ರಲ್ಲಿ ಮಿಲ್ಟನ್‌ಗೆ ಗೌರವ ಎಂಎ ಪದವಿ ಕೊಟ್ಟಿತು. ಬೆಡ್ಮಿನ್‌ಸ್ಟರ್‌ನ ಹುಡುಗನಿಗೆ ಆಗ 74.

‘ಎಂಎ ಯಾವ ಸಬ್ಜೆಕ್ಟಲ್ಲಿ ಕೊಟ್ಟಿರಬಹುದು ಭಾವ?’ ಎಂದೆ.

‘ಅಂಚೆಯಲ್ಲಿ ಕೊಡಬೇಕಿತ್ತು ಕಣಯ್ಯ’ ಎಂದರು.

ಇಂಗ್ಲೆಂಡಿಗೆ ಕ್ರಿಕೆಟ್ಟೂ ಫುಟ್ಬಾಲೂ ಎರಡೂ ಆಡಿದ ಗಂಡಸರು 12 ಮಂದಿ. ಮಿಲ್ಟನ್ ಅವರಲ್ಲಿ ಕೊನೆಯವನು. 2007ರ ಏಪ್ರಿಲ್ 25ರಂದು ಇದೇ ಊರಲ್ಲಿ ತೀರಿಕೊಂಡ. ಹೆಂಗಸರಲ್ಲಿ ಕ್ಲೇರ್ ಟೇಲರ್ ತೊಂಬತ್ತರ ದಶಕದಲ್ಲೂ ಎರಡೂ ಆಡಿದರು, ಎರಡೂ ವಿಶ್ವಕಪ್‌ಗೆ ಹೋದರು. ‘ಕೊನೆಯ’ ಅಂತ ಬರೆಯುವವರು ಅವರನ್ನು ಮರೆಯುತ್ತಾರೆ.

ಮಧ್ಯಾಹ್ನ ಅಕ್ಕನ ಬಿಸಿಬೇಳೆಬಾತ್ ಉಂಡು ಹೊರಟೆ. ಭಾನುವಾರ ಪ್ರಯಾಣ ಮಾಡುವವರು ಹಳಿ ರಿಪೇರಿ ಇದೆಯೇ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ನನಗೆ ಸ್ವಿಂಡನ್‌ವರೆಗೆ ಬಸ್ಸೇ ಸಿಕ್ಕಿದ್ದು. ಪಕ್ಕದ ಸೀಟಿನ ಹುಡುಗನ ಕುತ್ತಿಗೆಯಲ್ಲಿ ಸಿಟಿಯ ಕೆಂಪು ಸ್ಕಾರ್ಫು. ನಿನ್ನೆ ಮ್ಯಾಚಿಗೆ ಹೋಗಿದ್ದೆ ಎಂದೆ. ಅದು ಪೆನಾಲ್ಟಿಯೇ ಎಂದು ಅವನು, ಅಲ್ಲ, ಅವನಾಗೇ ಬಿದ್ದ ಎಂದು ನಾನು. ಸ್ವಿಂಡನ್ ಬಂದರೂ ಜಗಳ ಮುಗಿದಿರಲಿಲ್ಲ.